ಹಿಂಡಿ, ಪುಡಿ ಮತ್ತು ಕಾನೂನು: ಪಶುಪಾಲಕರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಡಿದಾಗಿನಿಂದ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ದನಗಳ ರೋಗಕ್ಕಿಂತ ದನಗಳಿಗೆ ಹಾಕುವ ಹಿಂಡಿ, ಪುಡಿ, ಚೀಲದ ಆಹಾರಗಳ ಕುರಿತಾಗಿಯೇ ಇವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮ ಮನೆಯಲ್ಲಿ ಎರಡು ಎಮ್ಮೆ, ಮೂರು ಮಿಶ್ರತಳಿ ಆಕಳು ಇವೆ. ಸಂತೆಗೆ ಬರುವ ವ್ಯಾಪಾರಿಯೊಬ್ಬರು ‘ಹದಿನೈದು ದಿನದಲ್ಲಿ ಎರಡು ಲೀಟರ್ ಹಾಲು ಹೆಚ್ಚುತ್ತದೆ, ಕೆಚ್ಚಲು ಬಾವೂ ವಾಸಿಯಾಗುತ್ತದೆ’ ಎಂದು ಹೇಳಿ ಒಂದು ಕಿಲೋ ಪುಡಿಯ ಪೊಟ್ಟಣ ಮಾರಿದ್ದಾರೆ. ಪೊಟ್ಟಣದ ಮೇಲೆ ಆಕಳ ಚಿತ್ರವಿದೆ, ಒಳಗೇನಿದೆ ಎಂದು ಬರೆದಿಲ್ಲ. ಇಂಥ ಪುಡಿಗೆ ಸರ್ಕಾರದ ಪರವಾನಗಿ ಬೇಕೋ, ಬೇಡವೋ? (ಆಳಂದ ತಾಲ್ಲೂಕು)

ಉತ್ತರ: ಆ ಪುಡಿಯನ್ನು ಯಾವ ಹೆಸರಿನಲ್ಲಿ, ಯಾವ ಭರವಸೆ ಕೊಟ್ಟು ಮಾರಿದ್ದಾರೆ ಎಂಬುದರ ಮೇಲೆ ಇದಕ್ಕೆ ಉತ್ತರ ನಿಂತಿದೆ. ರೋಗವನ್ನು ಗುಣಪಡಿಸುತ್ತದೆ ಅಥವಾ ತಡೆಯುತ್ತದೆ ಎಂದು ಹೇಳಿ ಮಾರುವ ಯಾವುದೇ ವಸ್ತು, ಅದು ಮನುಷ್ಯರಿಗಿರಲಿ ಪಶುಗಳಿಗಿರಲಿ, 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ ಪ್ರಕಾರ ಔಷಧವೇ ಆಗುತ್ತದೆ. ಔಷಧವೆಂದ ಮೇಲೆ ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಒಳಗಿರುವ ಅಂಶಗಳ ಪ್ರಮಾಣ ಎಲ್ಲವೂ ಮೇಲೆ ಅಚ್ಚಾಗಿರಬೇಕು. ‘ಮನುಷ್ಯರ ಬಳಕೆಗಲ್ಲ, ಪಶುಗಳ ಚಿಕಿತ್ಸೆಗೆ ಮಾತ್ರ’ ಎಂಬ ಎಚ್ಚರಿಕೆಯ ಜೊತೆಗೆ ಸಾಕುಪ್ರಾಣಿಯ ತಲೆಯ ಚಿಹ್ನೆಯೂ ಇರಬೇಕು. ಕೆಚ್ಚಲು ಬಾವು ವಾಸಿಯಾಗುತ್ತದೆ ಎನ್ನುತ್ತಲೇ ಇವೊಂದನ್ನೂ ಬರೆಯದ ಪೊಟ್ಟಣವನ್ನು ಮಾರಿದ್ದರೆ ಅದು ನೇರವಾಗಿ ಕಾನೂನಿಗೆ ವಿರುದ್ಧವಾದ ಮಾರಾಟ.

ಆದರೆ ಅದೇ ಪುಡಿಯನ್ನು ‘ಹಾಲು ಹೆಚ್ಚಿಸುವ ಪೂರಕ ಆಹಾರ’ ಎಂದಷ್ಟೇ ಹೇಳಿ ಮಾರಿದ್ದರೆ ವಿಷಯ ಬೇರೆಯಾಗುತ್ತದೆ, ಮತ್ತು ನಮ್ಮ ವ್ಯವಸ್ಥೆಯ ದೊಡ್ಡ ಬಿರುಕು ಇರುವುದು ಅಲ್ಲಿಯೇ. ನಾವು ಕುಡಿಯುವ ಹಾಲನ್ನು ಕಾಯುವುದಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಇದೆ. ಆದರೆ ಆ ಕಾಯ್ದೆ ‘ಆಹಾರ’ ಎಂಬ ಪದಕ್ಕೆ ಅರ್ಥ ಕೊಡುವಾಗ ಪಶು ಆಹಾರವನ್ನು ಹೊರಗಿಟ್ಟಿದೆ. ಪಶು ಆಹಾರಕ್ಕೆಂದೇ ಇಡೀ ದೇಶಕ್ಕೆ ಅನ್ವಯಿಸುವ ಪ್ರತ್ಯೇಕ ಕಾಯ್ದೆ ಇಲ್ಲ. ಪಂಜಾಬ್ ರಾಜ್ಯ ಪಶು ಆಹಾರ ಮತ್ತು ಖನಿಜ ಮಿಶ್ರಣಗಳ ನಿಯಂತ್ರಣಕ್ಕಾಗಿ 2018ರಲ್ಲಿ ತನ್ನದೇ ಶಾಸನ ರೂಪಿಸಿಕೊಂಡಿತು. ಭಾರತೀಯ ಮಾನಕ ಸಂಸ್ಥೆಯ ಮಾನದಂಡಗಳಿವೆ: ದನಗಳ ಮಿಶ್ರ ಆಹಾರಕ್ಕೆ ಐಎಸ್ 2052, ಖನಿಜ ಮಿಶ್ರಣಕ್ಕೆ ಐಎಸ್ 1664, ಕೋಳಿ ಆಹಾರಕ್ಕೆ ಐಎಸ್ 1374. ಇವು ಮೂಲತಃ ತಯಾರಕರು ತಾವಾಗಿ ಒಪ್ಪಿಕೊಳ್ಳುವ ಮಾನದಂಡಗಳು. 2020ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಹಾಲು ಮತ್ತು ಮಾಂಸ ಕೊಡುವ ಪ್ರಾಣಿಗಳಿಗೆ ಮಾರುವ ಆಹಾರದ ಮೇಲೆ ಐಎಸ್‌ಐ ಗುರುತು ಇರಲೇಬೇಕೆಂದು ನಿರ್ದೇಶನ ಕೊಟ್ಟಿತಾದರೂ ಅದರ ಗಡುವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಲಾಯಿತು.

ಇದರ ಪರಿಣಾಮ ಏನೆಂಬುದನ್ನು ಗಮನಿಸಿ. ಔಷಧ ಕೊಂಡವರು ಅನುಮಾನ ಬಂದರೆ ಅದನ್ನು ಸರ್ಕಾರಿ ವಿಶ್ಲೇಷಕರಿಗೆ ಕೊಟ್ಟು ಪರೀಕ್ಷೆ ಮಾಡಿಸುವ ಹಕ್ಕನ್ನು ಔಷಧ ಕಾಯ್ದೆಯ 26ನೇ ಕಲಮು ಕೊಟ್ಟಿದೆ. ಹಾಲು ಕೊಂಡವರಿಗೆ ಅಂಥದೇ ಹಕ್ಕನ್ನು ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮು ಕೊಟ್ಟಿದೆ. ನಡುವೆ ಹಿಂಡಿಯ ಚೀಲ ಹೊತ್ತು ತಂದ ರೈತನಿಗೆ ಮಾತ್ರ ಇಂಥ ಒಂದು ಕಲಮೂ ಇಲ್ಲ. ಚೀಲದಲ್ಲಿ ಬಂದ ದೋಷಕ್ಕೆ ಕೊನೆಗೆ ಉತ್ತರ ಕೊಡಬೇಕಾದವರು ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ನಿಂತವರು. ಇದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಇದನ್ನು ಸರಿಪಡಿಸಬೇಕಾದ ಹೊಣೆ ಶಾಸನ ಮಾಡುವವರದು.

ನಿಮ್ಮ ಮಟ್ಟಿಗೆ, ಆ ಪುಡಿಯನ್ನು ಇಂದೇ ನಿಲ್ಲಿಸಿ, ಪೊಟ್ಟಣವನ್ನು ಎಸೆಯದೆ ಇಟ್ಟುಕೊಂಡು, ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಕೊಡಿ. ಕೆಚ್ಚಲು ಬಾವು ಇದ್ದರೆ ಪಶು ಆಸ್ಪತ್ರೆಯಲ್ಲಿ ಹಾಲು ಪರೀಕ್ಷೆ ಮಾಡಿಸಿ. ಹಾಲಿನ ಇಳುವರಿಗೆ ಸಂಬಂಧಿಸಿ ಹೇಳುವುದಾದರೆ, ಒಣ ಜೋಳದ ಕಣಿಕೆಯ ಮೇಲೆಯೇ ನಿಂತಿರುವ ನಮ್ಮ ಭಾಗದ ದನಗಳಿಗೆ ದಿನಕ್ಕೆ ಒಂದಿಷ್ಟು ಹಸಿರು ಮೇವು, ತೊಗರಿ ಚುನ್ನಿ ಮತ್ತು ಗುರುತುಳ್ಳ ಖನಿಜ ಮಿಶ್ರಣ ಸಿಕ್ಕರೆ ಆಗುವಷ್ಟು ಲಾಭ ಹೆಸರಿಲ್ಲದ ಪುಡಿಯಿಂದ ಆಗುವುದಿಲ್ಲ.

ಪ್ರಶ್ನೆ: ಮಳೆಗೆ ಗೋಡೆ ಒರತು ಶೇಂಗಾ ಹಿಂಡಿಯ ನಾಲ್ಕು ಚೀಲಗಳಿಗೆ ಬೂಷ್ಟು ಹಿಡಿದಿದೆ. ‘ಟಾಕ್ಸಿನ್ ಬೈಂಡರ್’ ಎಂಬ ಪುಡಿ ಬೆರೆಸಿದರೆ ವಿಷ ಹೋಗುತ್ತದೆ, ಬಿಸಿಲಿಗೆ ಒಣಗಿಸಿ ಹಾಕಿರಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಬಹುದೇ? (ಭಾಲ್ಕಿ)

ಉತ್ತರ: ಹಾಕಬಾರದು. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ತಿಂಗಳು ಇದೇ ಪ್ರಶ್ನೆಯನ್ನು ಹುಮನಾಬಾದ್ ಮತ್ತು ಅಫಜಲಪುರದ ಓದುಗರೂ ಕೇಳಿದ್ದಾರೆ.

ಹಿಂಡಿಯ ಬಿಲ್ಲೆಯೊಂದನ್ನು ಕೈಯಲ್ಲಿ ಹಿಡಿದು ಮುರಿದು ನೋಡಿ. ಒಳ್ಳೆಯ ಹಿಂಡಿ ಠಣ್ಣನೆ ಮುರಿಯುತ್ತದೆ, ಮುರಿದ ಅಂಚು ಒಂದೇ ಬಣ್ಣದ್ದಾಗಿದ್ದು ಎಣ್ಣೆಕಾಳಿನ ವಾಸನೆ ಕೊಡುತ್ತದೆ. ಕೆಟ್ಟ ಹಿಂಡಿ ಮೆತ್ತಗೆ ಬಿರಿಯುತ್ತದೆ. ಪದರಗಳ ನಡುವೆ ಹಳದಿ ಮಿಶ್ರಿತ ಹಸಿರು ಹುಡಿ ಕಾಣುತ್ತದೆ. ಮೂಗಿಗೆ ಹಳೆಯ ಮಣ್ಣಿನ ಮನೆಯ ಮುಗ್ಗಲು ವಾಸನೆ ಬಡಿಯುತ್ತದೆ. ಆ ಹಸಿರು ಹುಡಿಯ ಶಿಲೀಂಧ್ರಗಳಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬುದು ಅಫ್ಲಾಟಾಕ್ಸಿನ್ ಬಿ1 ಎಂಬ ವಿಷವನ್ನು ಉತ್ಪಾದಿಸುತ್ತದೆ. ಬಿಸಿಲಿಗೆ ಹರವಿದರೆ ಶಿಲೀಂಧ್ರ ಒಣಗಬಹುದು, ಅದು ಬಿಟ್ಟುಹೋದ ವಿಷ ಹಿಂಡಿಯಲ್ಲೇ ಉಳಿಯುತ್ತದೆ. ದನ ತಿಂದ ಬಿ1ರ ಒಂದು ಭಾಗ ಎಂ1 ಎಂಬ ರೂಪ ತಾಳಿ, ಒಂದು ದಿನದೊಳಗೇ ಹಾಲಿಗೆ ಇಳಿಯುತ್ತದೆ. ಹಾಲು ಕುದಿಸುವುದರಿಂದಾಗಲಿ ಡೇರಿಯಲ್ಲಿ ಪಾಶ್ಚರೀಕರಿಸುವುದರಿಂದಾಗಲಿ ಅದು ನಾಶವಾಗುವುದಿಲ್ಲ.

ಸರ್ಕಾರ ಗೆರೆ ಎಳೆದಿರುವುದು ಇಲ್ಲಿಯೇ. ಐಎಸ್ 2052ರ ಪ್ರಕಾರ ದನಗಳ ಮಿಶ್ರ ಆಹಾರದ ಒಂದು ಕಿಲೋದಲ್ಲಿ ಬಿ1 20 ಮೈಕ್ರೋಗ್ರಾಂ ಮೀರಬಾರದು. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಒಂದು ಕಿಲೋ ಹಾಲಿನಲ್ಲಿ ಎಂ1 ಅರ್ಧ ಮೈಕ್ರೋಗ್ರಾಂ ಮೀರಬಾರದು. ಈ ಎರಡು ಅಂಕಿಗಳಿಗೆ ಇರುವ ನಂಟನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ ಹತ್ತು ಲೀಟರ್ ಕರೆಯುವ ಆಕಳು ಐದು ಕಿಲೋ ದಾಣಿ ತಿನ್ನುತ್ತದೆ ಎಂದುಕೊಳ್ಳಿ. ದಾಣಿಯಲ್ಲಿ ಕಿಲೋಗೆ 20 ಮೈಕ್ರೋಗ್ರಾಂ ವಿಷವಿದ್ದರೆ ಹೊಟ್ಟೆಗೆ ಹೋಗುವುದು 100 ಮೈಕ್ರೋಗ್ರಾಂ. ಅದರಲ್ಲಿ ನೂರಕ್ಕೆ ಎರಡು ಪಾಲು ಹಾಲಿಗೆ ಬಂದರೂ ಲೀಟರಿಗೆ 0.2 ಮೈಕ್ರೋಗ್ರಾಂ ಆಗಿ ಮಿತಿಯೊಳಗೆ ಉಳಿಯುತ್ತದೆ. ಬೂಷ್ಟು ಹಿಡಿದ ದಾಣಿಯಲ್ಲಿ ಅದು ಕಿಲೋಗೆ 100 ಮೈಕ್ರೋಗ್ರಾಂ ಇದ್ದರೆ, ಅದೇ ಲೆಕ್ಕದಲ್ಲಿ ಲೀಟರಿಗೆ 1 ಮೈಕ್ರೋಗ್ರಾಂ, ಅಂದರೆ ಮಿತಿಯ ಎರಡು ಪಟ್ಟು. ಹೆಚ್ಚು ಹಾಲು ಕೊಡುವ ದನಗಳಲ್ಲಿ ಹಾಲಿಗೆ ಇಳಿಯುವ ಪಾಲು ಇನ್ನೂ ಹೆಚ್ಚಿರುತ್ತದೆ. ಯುರೋಪಿನ ದೇಶಗಳು ಕರೆಯುವ ದನಗಳ ಮಿಶ್ರ ಆಹಾರಕ್ಕೆ ಇಟ್ಟ ಮಿತಿ 5 ಮೈಕ್ರೋಗ್ರಾಂ, ನಮ್ಮದರ ಕಾಲು ಭಾಗ.

ಬೈಂಡರ್ ಎಂಬುದು ಸುಳ್ಳು ವಸ್ತುವೇನಲ್ಲ. ಬೆಂಟೊನೈಟ್‌ನಂಥ ಜೇಡಿಮಣ್ಣುಗಳು ಕರುಳಿನಲ್ಲಿ ಬಿ1 ವಿಷವನ್ನು ಹಿಡಿದಿಟ್ಟುಕೊಂಡು ಸಗಣಿಯ ಜೊತೆ ಹೊರಹಾಕುತ್ತವೆ. ಕಣ್ಣಿಗೆ ಕಾಣದ ಅಲ್ಪ ಪ್ರಮಾಣದ ವಿಷದಿಂದ ಕಾಪಾಡಿಕೊಳ್ಳಲು ಅದನ್ನು ಬಳಸುತ್ತಾರೆಯೇ ಹೊರತು, ಕಣ್ಣಿಗೆ ಕಾಣುವಂತೆ ಕೆಟ್ಟ ಹಿಂಡಿಯನ್ನು ದಕ್ಕಿಸಿಕೊಳ್ಳಲು ಅಲ್ಲ. ಇತರ ಶಿಲೀಂಧ್ರಗಳ ವಿಷಗಳ ಮೇಲೆ ಜೇಡಿಮಣ್ಣಿನ ಪ್ರಭಾವ ಬಹಳ ಕಡಿಮೆ. ಆ ನಾಲ್ಕು ಚೀಲಗಳನ್ನು ಗರ್ಭದ ಆಕಳಿಗಾಗಲಿ, ಕರುವಿಗಾಗಲಿ, ಕೋಳಿಗಾಗಲಿ ಹಾಕದೆ ಹೂಳಿಬಿಡಿ. ನಷ್ಟ ದೊಡ್ಡದೆಂದು ಬಲ್ಲೆ. ಆದರೆ ಆ ಹಾಲನ್ನು ಮೊದಲು ಕುಡಿಯುವವರು ನಿಮ್ಮ ಮನೆಯ ಮಕ್ಕಳೇ. ಈಗಾಗಲೇ ಹಾಕಿದ್ದರೆ ಹೆದರಬೇಡಿ, ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಬಹುಮಟ್ಟಿಗೆ ತಿಳಿಯಾಗುತ್ತದೆ. ಮುಂದೆ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಇಡಿ, ಮತ್ತು ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ.

ಪ್ರಶ್ನೆ: ಮೊಟ್ಟೆ ಕೋಳಿಗಳಿಗೆ ಭೇದಿ ಆದಾಗ ಹಿಂದೆ ಕೊಲಿಸ್ಟಿನ್ ಪುಡಿಯನ್ನು ದಾಣಿಯಲ್ಲಿ ಬೆರೆಸುತ್ತಿದ್ದೆವು. ಈಗ ಅದು ಸಿಗುವುದಿಲ್ಲ. ಬೇರೆ ಆಂಟಿಬಯಾಟಿಕ್ ಬೆರೆಸಬಹುದೇ? (ಶಹಾಪುರ)

ಉತ್ತರ: ಕೊಲಿಸ್ಟಿನ್ ಸಿಗದಿರುವುದು ಒಳ್ಳೆಯದೇ ಆಯಿತು. ಬೇರೆ ಯಾವ ಔಷಧವೂ ನಾಟದ ಸೋಂಕಿನಲ್ಲಿ ಮನುಷ್ಯರ ಜೀವ ಉಳಿಸಲು ವೈದ್ಯರು ಕೊನೆಯ ಅಸ್ತ್ರವಾಗಿ ಇಟ್ಟುಕೊಂಡಿರುವ ಆಂಟಿಬಯಾಟಿಕ್ ಅದು. ಅದನ್ನು ಕೋಳಿಗಳ ದಾಣಿಯಲ್ಲಿ ದಿನವೂ ಚೂರು ಚೂರು ಹಾಕುತ್ತಾ ಹೋದರೆ ಅದಕ್ಕೂ ಜಗ್ಗದ ರೋಗಾಣುಗಳನ್ನು ನಾವೇ ಸಾಕಿದಂತೆ ಆಗುತ್ತದೆ. ಆದ್ದರಿಂದಲೇ ಕೇಂದ್ರ ಆರೋಗ್ಯ ಸಚಿವಾಲಯವು 2019ರ ಜುಲೈ 19ರಂದು ಅಧಿಸೂಚನೆ ಹೊರಡಿಸಿ, ಆಹಾರಕ್ಕಾಗಿ ಸಾಕುವ ಪ್ರಾಣಿಗಳು, ಕೋಳಿ, ಮೀನು ಸಾಕಣೆ ಮತ್ತು ಪಶು ಆಹಾರ ಪೂರಕಗಳಿಗೆ ಅದರ ತಯಾರಿಕೆ, ಮಾರಾಟ, ವಿತರಣೆಗಳನ್ನು ನಿಷೇಧಿಸಿತು. ಬೆಳವಣಿಗೆಗಾಗಿ ದಾಣಿಯಲ್ಲಿ ಆಂಟಿಬಯಾಟಿಕ್ ಬೆರೆಸುವ ಪದ್ಧತಿಯನ್ನೇ ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿದೆ.

ರೋಗ ಬಂದಾಗ ವೈದ್ಯರು ಬರೆದುಕೊಟ್ಟ ಔಷಧವನ್ನು ಅವರು ಹೇಳಿದಷ್ಟು ದಿನ ಕೊಡಿ, ಅದು ಚಿಕಿತ್ಸೆ. ಆಗಲೂ ಪೊಟ್ಟಣದ ಮೇಲಿರುವ ‘ವಿದ್‌ಡ್ರಾವಲ್ ಪೀರಿಯಡ್’ ಎಂಬ ಸಾಲನ್ನು ಓದಿಸಿಕೊಳ್ಳಿ: ಔಷಧ ನಿಲ್ಲಿಸಿದ ಮೇಲೆ ಎಷ್ಟು ದಿನ ಮೊಟ್ಟೆ, ಹಾಲು, ಮಾಂಸ ಮಾರಬಾರದು ಎಂಬುದು ಅದರಲ್ಲಿರುತ್ತದೆ. ಆ ಔಷಧಕ್ಕೆ ಪ್ರತ್ಯೇಕ ಅವಧಿ ನಿಗದಿಯಾಗಿರದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಎಂದು ಔಷಧ ನಿಯಮಗಳೇ ಹೇಳುತ್ತವೆ.

ಪ್ರಶ್ನೆ: ಆಕಳಿಗೆಂದು ತಂದ ಖನಿಜ ಮಿಶ್ರಣವನ್ನು ಕುರಿಗಳಿಗೂ ಹಾಕಬಹುದೇ? (ಚಿಂಚೋಳಿ)

ಉತ್ತರ: ದಿನವೂ ಹಾಕಬೇಡಿ. ಆಕಳಿಗೆ ಸರಿಹೋಗುವ ತಾಮ್ರದ ಪ್ರಮಾಣ ಕುರಿಗೆ ಹೆಚ್ಚಾಗುತ್ತದೆ. ಕುರಿಯ ಯಕೃತ್ತು ತಾಮ್ರವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಂಡು, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಟ್ಟಾಗ ಮೂತ್ರ ಕೆಂಪಾಗಿ, ಕಣ್ಣು ಹಳದಿಯಾಗಿ ಕುರಿ ಸಾಯುತ್ತದೆ. ಕುರಿಗಳಿಗೆಂದೇ ತಯಾರಿಸಿದ ಮಿಶ್ರಣ ಕೇಳಿ ತನ್ನಿ.

ಪ್ರಶ್ನೆ: ಯೂರಿಯಾ ಬೆರೆಸಿದರೆ ಹಾಲು ಹೆಚ್ಚುತ್ತದೆ ಎಂದು ಕೆಲವರು ಹೊಲಕ್ಕೆ ತಂದ ಗೊಬ್ಬರದ ಚೀಲದಿಂದಲೇ ಮುಷ್ಟಿ ತೆಗೆದು ಹಿಂಡಿಗೆ ಹಾಕುತ್ತಾರೆ. ಕಂಪನಿಯ ಆಹಾರದಲ್ಲಿಯೂ ಯೂರಿಯಾ ಇರುತ್ತದೆ ಎನ್ನುತ್ತಾರೆ. ನಿಜವೇ? (ಸೇಡಂ)

ಉತ್ತರ: ಎರಡನೆಯ ಮಾತು ನಿಜ, ಮೊದಲನೆಯದು ಅಪಾಯ. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕವನ್ನು ಬಳಸಿಕೊಂಡು ಪ್ರೋಟೀನು ಕಟ್ಟಬಲ್ಲವು. ಆದ್ದರಿಂದ ಐಎಸ್ 2052 ಮಿಶ್ರ ಆಹಾರದಲ್ಲಿ ತೂಕದ ಶೇ 1ರ ಒಳಗೆ ಯೂರಿಯಾವನ್ನು ಒಪ್ಪುತ್ತದೆ, ಅದೂ ಯಂತ್ರದಲ್ಲಿ ಎಲ್ಲ ಕಡೆ ಸಮನಾಗಿ ಬೆರೆತಾಗ. ಕೈಯಿಂದ ಬೆರೆಸಿದಾಗ ಒಂದು ಕಡೆ ಹರಳು ಉಂಡೆಗಟ್ಟಿ ಉಳಿಯುತ್ತದೆ, ಆ ತುತ್ತು ತಿಂದ ಎಮ್ಮೆಯ ಹೊಟ್ಟೆಯಲ್ಲಿ ಅಮೋನಿಯಾ ಉಕ್ಕುತ್ತದೆ. ಸೇವೆಯಲ್ಲಿದ್ದಾಗ ಭೀಮಾ ದಂಡೆಯ ಊರೊಂದಕ್ಕೆ ಬೆಳಗಿನ ಜಾವ ಓಡಿದ್ದು ನನಗೆ ಇನ್ನೂ ನೆನಪಿದೆ. ಖಾಲಿ ಗೊಬ್ಬರದ ಚೀಲ ತೊಳೆದ ನೀರು ಬಾನಿಯಲ್ಲಿ ಉಳಿದಿತ್ತು, ಬಾಯಾರಿದ ಎಮ್ಮೆ ಕುಡಿದುಬಿಟ್ಟಿತ್ತು. ನಾನು ತಲುಪುವಷ್ಟರಲ್ಲಿ ಬಾಯಲ್ಲಿ ನೊರೆ, ಮೈಯೆಲ್ಲ ನಡುಕ, ಎಡ ಪಕ್ಕೆ ಡೋಲಿನಂತೆ ಉಬ್ಬಿತ್ತು, ಉಳಿಸಿಕೊಳ್ಳಲು ಆಗಲಿಲ್ಲ. ಇಂಥ ಲಕ್ಷಣ ಕಂಡ ಕೂಡಲೇ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಪ್ರಾಣಿ ನುಂಗುವ ಸ್ಥಿತಿಯಲ್ಲಿದ್ದರೆ ಮಾತ್ರ, ವೈದ್ಯರನ್ನು ಕೇಳಿಕೊಂಡು, ವಿನೆಗರನ್ನು ತಣ್ಣೀರಿನಲ್ಲಿ ಬೆರೆಸಿ ನಿಧಾನವಾಗಿ ಕುಡಿಸಿ. ಕರುಗಳಿಗಂತೂ ಯೂರಿಯಾ ಸಲ್ಲದು.

ಇನ್ನು ಕಾನೂನಿನ ಮಾತು. ಸಹಾಯಧನದ ಗೊಬ್ಬರವನ್ನು ಮಣ್ಣಿಗಲ್ಲದೆ ಬೇರೆ ಉಪಯೋಗಕ್ಕೆ ತಿರುಗಿಸುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ವಿರುದ್ಧ. ಹಾಗಿದ್ದರೂ ಕಲಬೆರಕೆ ಮಾಡುವವರಿಗೆ ಅದರ ಮೇಲೆ ಕಣ್ಣು ಏಕೆಂದರೆ, ಪ್ರಯೋಗಾಲಯಗಳು ಪ್ರೋಟೀನನ್ನು ನೇರವಾಗಿ ಅಳೆಯದೆ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತವೆ. ಯೂರಿಯಾದಲ್ಲಿ ಸಾರಜನಕ ಶೇ 46. ಹೀಗಾಗಿ ನೂರು ಕಿಲೋ ಆಹಾರಕ್ಕೆ ಒಂದು ಕಿಲೋ ಯೂರಿಯಾ ಸುರಿದರೆ ಕಾಗದದ ಮೇಲೆ ಪ್ರೋಟೀನು ಹೆಚ್ಚುಕಡಿಮೆ ಮೂರು ಅಂಶ ಏರುತ್ತದೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದ್ದೂ ಇದೇ ಲೆಕ್ಕಾಚಾರದಿಂದ.

ಹಿಂಡಿಯಲ್ಲಾಗಲಿ ಬೂಸಾದಲ್ಲಾಗಲಿ ಯೂರಿಯಾ ಇರಲೇಬಾರದು. ಇದೆಯೇ ಎಂದು ಮನೆಯಲ್ಲಿಯೇ ಒಂದಿಷ್ಟು ಅಂದಾಜು ಮಾಡಬಹುದು. ಒಂದು ಹಿಡಿ ಹಿಂಡಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ, ಆ ನೀರಿಗೆ ಹಸಿ ಸೋಯಾ ಅವರೆಯ ಹಿಟ್ಟನ್ನು ಒಂದು ಚಮಚ ಹಾಕಿ ಮುಚ್ಚಿಡಿ. ಸೋಯಾದಲ್ಲಿರುವ ಕಿಣ್ವ ಯೂರಿಯಾವನ್ನು ಒಡೆಯುತ್ತದೆ. ಸ್ವಲ್ಪ ಹೊತ್ತಿನ ನಂತರ ಮುಚ್ಚಳ ತೆಗೆದಾಗ ಮೂಗಿಗೆ ಅಮೋನಿಯಾ ಅಡರಿದರೆ ಅನುಮಾನ ಗಟ್ಟಿಯಾಯಿತು. ಶೇ 1ರ ಒಳಗಿನ ಯೂರಿಯಾ ಇರಬಹುದಾದ ಮಿಶ್ರ ಆಹಾರಕ್ಕೆ ಈ ಪರೀಕ್ಷೆ ಸಾಲದು, ಅದಕ್ಕೆ ಪ್ರಯೋಗಾಲಯವೇ ಆಗಬೇಕು.

ಪ್ರಶ್ನೆ: ಸುಣ್ಣದಂಶಕ್ಕಾಗಿ ಮೂಳೆಯ ಪುಡಿ ಬೆರೆಸಿದ ಆಹಾರ ಆಕಳಿಗೆ ನಡೆಯುತ್ತದೆಯೇ? (ಬಸವಕಲ್ಯಾಣ)

ಉತ್ತರ: ನಡೆಯುವುದಿಲ್ಲ. ಸತ್ತ ದನ ಕುರಿಗಳ ಮಾಂಸ ಮತ್ತು ಮೂಳೆಯ ಪುಡಿಯನ್ನು ದನಗಳಿಗೇ ತಿನ್ನಿಸಿದ್ದರಿಂದ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ ಹಬ್ಬಿತು. 1986ರಲ್ಲಿ ರೋಗ ಗೊತ್ತಾಗಿ 1988ರಲ್ಲಿ ಅಂಥ ಆಹಾರವನ್ನು ಅಲ್ಲಿ ನಿಷೇಧಿಸಿದರು. ನಮ್ಮ ಆಹಾರ ಸುರಕ್ಷತಾ ನಿಯಮಗಳೂ ಹಾಲು ಕೊಡುವ ದನಗಳಿಗೆ ಇಂಥ ಆಹಾರವನ್ನು ತಡೆದಿವೆ. ಖನಿಜ ಮೂಲದ ಡೈಕ್ಯಾಲ್ಸಿಯಂ ಫಾಸ್ಫೇಟ್ ಇರುವ ಮಿಶ್ರಣವನ್ನೇ ಕೊಳ್ಳಿ.

ಪ್ರಶ್ನೆ: ಹೊಸ ಚೀಲದ ಆಹಾರ ಹಾಕಿದ ವಾರದೊಳಗೆ ಹಾಲು ಅರ್ಧಕ್ಕೆ ಇಳಿಯಿತು, ಒಂದು ಆಕಳು ಕಂದು ಹಾಕಿತು. ಅಂಗಡಿಯವರು ‘ಕಂಪನಿಯನ್ನು ಕೇಳಿ’ ಎನ್ನುತ್ತಾರೆ, ಕಂಪನಿಯವರು ಫೋನು ಎತ್ತುವುದಿಲ್ಲ. ಯಾರ ಬಾಗಿಲು ತಟ್ಟಬೇಕು? (ಹುಮನಾಬಾದ್)

ಉತ್ತರ: ಮೊದಲು ಆಕಳನ್ನು ಪಶುವೈದ್ಯಾಧಿಕಾರಿಗಳಿಗೆ ತೋರಿಸಿ, ಅವರು ಕಂಡದ್ದನ್ನು ಬರಹದಲ್ಲಿ ಪಡೆಯಿರಿ. ಕಂದು ಹಾಕುವುದಕ್ಕೆ ಬ್ರುಸೆಲ್ಲಾದಂಥ ಸೋಂಕುಗಳೂ ಕಾರಣವಾಗುತ್ತವೆ. ಅದನ್ನು ಪರೀಕ್ಷೆಯಿಂದ ತಳ್ಳಿಹಾಕದೆ ಆಹಾರದ ಮೇಲೆ ದೋಷ ಹೊರಿಸಿದರೆ ನಿಮ್ಮ ದೂರು ನಿಲ್ಲುವುದಿಲ್ಲ.

ನಂತರ ಚೀಲವನ್ನು ಕಾಪಾಡಿಕೊಳ್ಳಿ. ಖಾಲಿ ಚೀಲವನ್ನು ಹೊದಿಕೆಗೆ, ಕಾಳು ತುಂಬಲು ಬಳಸುವುದು ನಮ್ಮ ರೂಢಿ. ಈ ಬಾರಿ ಹಾಗೆ ಮಾಡದೆ, ಬ್ಯಾಚ್ ಸಂಖ್ಯೆ ಇರುವ ಚೀಟಿಯೊಂದಿಗೆ ಎತ್ತಿಡಿ. ಉಳಿದ ಚೀಲಗಳ ಮೇಲಿನ, ನಡುವಿನ, ತಳದ ಆಹಾರವನ್ನು ಹಿಡಿ ಹಿಡಿಯಾಗಿ ತೆಗೆದು, ಒಣಗಿದ ತಟ್ಟಿನ ಮೇಲೆ ಕೂಡಿಸಿ ಕಲಸಿ, ಅರ್ಧರ್ಧ ಕಿಲೋದ ಮೂರು ಪಾಲು ಮಾಡಿ. ಇಬ್ಬರು ಸಾಕ್ಷಿಗಳ ಮುಂದೆ, ಸಾಧ್ಯವಾದರೆ ಅಂಗಡಿಯವರನ್ನೂ ಕರೆದು, ಮೂರನ್ನೂ ಕಟ್ಟಿ ಅರಗಿನ ಮುದ್ರೆ ಹಾಕಿ ಸಹಿ ಮಾಡಿಸಿ. ಚೀಲದ ಮೇಲೆ ಐಎಸ್‌ಐ ಗುರುತು ಇದ್ದರೆ ಅದರ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಇನ್ನೂ ಜೀವಂತವಾಗಿದೆಯೇ ಎಂಬುದು ತಿಳಿಯುತ್ತದೆ, ದೂರನ್ನೂ ಅಲ್ಲಿಂದಲೇ ಕೊಡಬಹುದು. ಗುರುತುಳ್ಳ ಮೊದಲ ದರ್ಜೆಯ ಆಹಾರದಲ್ಲಿ ಪ್ರೋಟೀನು ಕನಿಷ್ಠ ಶೇ 22, ಎರಡನೆಯ ದರ್ಜೆಯಲ್ಲಿ ಶೇ 20 ಇರಬೇಕು. ಒಂದು ಪಾಲನ್ನು ಪರೀಕ್ಷೆಗೆ ಎಲ್ಲಿಗೆ ಕಳಿಸಬೇಕೆಂದು ಬೀದರ್‌ನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಅದು ನಿಮಗೆ ಹತ್ತಿರ.

ಪರಿಹಾರಕ್ಕೆ ನೀವು ಹೋಗಬೇಕಾದದ್ದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಹೈನುಗಾರಿಕೆ ವ್ಯಾಪಾರವಲ್ಲವೇ, ನಾವು ಗ್ರಾಹಕರು ಹೇಗಾಗುತ್ತೇವೆ ಎಂದು ಹಲವರು ಹಿಂಜರಿಯುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಾಗಿಯೇ ವಸ್ತು ಕೊಂಡವರನ್ನು ಗ್ರಾಹಕರೆಂದೇ ಕಾಣುತ್ತದೆ. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರಿಲ್ಲದೆಯೂ ವಾದಿಸಬಹುದು. ರಸೀದಿ ಅತ್ಯಗತ್ಯ, ಉದ್ದರಿ ತಂದಿದ್ದರೆ ಅಂಗಡಿಯ ಖಾತೆಪುಸ್ತಕದ ಆ ಪುಟದ ಚಿತ್ರವನ್ನಾದರೂ ತೆಗೆದುಕೊಳ್ಳಿ. ದೂರು ಕೊಡುವ ಮುನ್ನ ಮಾಹಿತಿ ಬೇಕಿದ್ದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿ ಇದೆ.

ಆಳಂದದ ಓದುಗರಿಗೆ ಹೇಳಿದ ಕೊರತೆಗೆ ಸದ್ಯಕ್ಕೆ ಇರುವ ದಾರಿಯೂ ಈ ಕಾಯ್ದೆಯಲ್ಲೇ ಇದೆ. ಪರೀಕ್ಷೆಯಿಲ್ಲದೆ ದೋಷ ಗೊತ್ತಾಗದ ವಸ್ತುವಾಗಿದ್ದರೆ, ಆಯೋಗವೇ ಮಾದರಿಯನ್ನು ಮುದ್ರೆ ಹಾಕಿ ಸೂಕ್ತ ಪ್ರಯೋಗಾಲಯಕ್ಕೆ ಕಳಿಸಿ 45 ದಿನಗಳಲ್ಲಿ ವರದಿ ಕೇಳಬಹುದೆಂದು 38ನೇ ಕಲಮು ಹೇಳುತ್ತದೆ. ಪರೀಕ್ಷೆಯ ವೆಚ್ಚವನ್ನು ಮಾತ್ರ ನೀವು ಮೊದಲು ಕಟ್ಟಬೇಕಾಗುತ್ತದೆ. ಮೂರು ಪಾಲು ಮಾಡಲು ಹೇಳಿದ್ದು ಇದಕ್ಕಾಗಿಯೇ: ಒಂದು ನಿಮ್ಮ ಪರೀಕ್ಷೆಗೆ, ಒಂದು ಆಯೋಗಕ್ಕೆ, ಒಂದು ಮನೆಯಲ್ಲಿ ಒಣಗಿದ ಎತ್ತರದ ಜಾಗದಲ್ಲಿ, ಇಲಿ ಮುಟ್ಟದ ಡಬ್ಬಿಯೊಳಗೆ.